ನೆತ್ತರಿನಲ್ಲಿ ಮದ್ದು ಎಷ್ಟಿದೆ?

2024ನೆಯ ಇಸವಿಯ ಸಂಕ್ರಾಂತಿ ಕಳೆದು ನಾಲ್ಕೈದು ದಿನಗಳಾಗಿದ್ದುವು. ಶ್ರೀನಿವಾಸಪುರದ ಬಳಿಯ ಹಳ್ಳಿಯೊಂದರಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಭೌತಶಾಸ್ತ್ರದ ಪ್ರಯೋಗಶಾಲೆಯ ಬಾಗಿಲಲ್ಲಿ ತೂರಾಡಿ, ಮೇಜಿನ ಅಂಚನ್ನು ಹಿಡಿದುಕೊಂಡು ನಿಂತನು. ಅವನ ಮಾತು ತೊದಲುತ್ತಿತ್ತು. ವರ್ನಿಯರ್ ಮಾಪಕವನ್ನು ಕೈಗೆ ಕೊಟ್ಟರೆ, ಗೆರೆಗಳು ಎರಡೆರಡಾಗಿ ಕಾಣುತ್ತವೆಂದನು. ಹಬ್ಬದ ಆಸುಪಾಸಿನ ದಿನಗಳಾದ್ದರಿಂದ ಜೊತೆಯ ಹುಡುಗರು ಮುಖಮುಖ ನೋಡಿಕೊಂಡು ನಕ್ಕರು. ಒಂದು ಕ್ಷಣ ನನಗೂ ಅದೇ ಸಂಶಯ ಬಂದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಬಾಯಲ್ಲಿ ಹೆಂಡದ ವಾಸನೆಯಿರಲಿಲ್ಲ; ಹುಡುಗನೂ ಅಂಥವನಲ್ಲ.

ಕುಳ್ಳಿರಿಸಿ ವಿಚಾರಿಸಿದಾಗ ಸಂಗತಿ ತಿಳಿಯಿತು. ಅವನಿಗೆ ಚಿಕ್ಕಂದಿನಿಂದ ಅಪಸ್ಮಾರ, ಎಂದರೆ ಮೂರ್ಛೆರೋಗ, ಇದ್ದಿತು. ಫೆನಿಟಾಯಿನ್ ಎಂಬ ಮದ್ದನ್ನು ದಿನಕ್ಕೆ 300 ಮಿಲಿಗ್ರಾಂನಂತೆ ತಪ್ಪದೆ ಸೇವಿಸುತ್ತಿದ್ದುದರಿಂದ ಮೂರು ವರ್ಷಗಳಿಂದ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಹೀಗಿರಲು, ಡಿಸೆಂಬರಿನಲ್ಲಿ ಅವನ ಅಜ್ಜಿಗೆ ಕ್ಷಯವೆಂದು ಗೊತ್ತಾಯಿತು. ರೋಗ ಹರಡದಿರಲೆಂದು ಮನೆಮಂದಿಗೆಲ್ಲ ಐಸೊನಿಯಜಿಡ್ ಮಾತ್ರೆಗಳನ್ನು ಆರು ತಿಂಗಳ ಮಟ್ಟಿಗೆ ಕೊಡಲಾಯಿತು. ಅದು ಸರಿಯಾದ ಕ್ರಮವೇ. ಮೂರ್ಛೆಯ ಮದ್ದಿನ ವಿಚಾರವನ್ನು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಅವನನ್ನು ಪರೀಕ್ಷಿಸಿದ ವೈದ್ಯರ ಮುಂದಿದ್ದ ತೊಡಕು ಸಣ್ಣದಲ್ಲ. ತೂರಾಟಕ್ಕೆ ಮದ್ದಿನ ಅತಿರೇಕ ಕಾರಣವೆ, ಮಿದುಳಿನ ಬೇರೊಂದು ವಿಕಾರ ಕಾರಣವೆ? ಮದ್ದೇ ಕಾರಣವಾಗಿದ್ದು ಅದನ್ನು ಇಳಿಸದಿದ್ದರೆ ವಿಷ ಏರುತ್ತ ಹೋಗುತ್ತದೆ. ಮದ್ದು ಕಾರಣವಲ್ಲದಿದ್ದು ಅದನ್ನು ಇಳಿಸಿದರೆ, ಮೂರು ವರ್ಷ ದೂರವಿದ್ದ ಮೂರ್ಛೆ ಯಾವ ಹೊತ್ತಿನಲ್ಲಾದರೂ ಮರಳಬಹುದು. ಅದು ಬಾವಿಯ ಕಟ್ಟೆಯ ಮೇಲೂ ಆಗಬಹುದು, ಒಲೆಯ ಮುಂದೆಯೂ ಆಗಬಹುದು. ಹುಡುಗನನ್ನು ನೋಡಿ ಊಹಿಸುವುದಕ್ಕಿಂತ ಅವನ ನೆತ್ತರನ್ನು ಕೇಳುವುದು ಮೇಲೆಂದು ವೈದ್ಯರು ನಿಶ್ಚಯಿಸಿದರು. ಬೆಳಗಿನ ಮಾತ್ರೆಗೆ ಮುಂಚೆ ತೆಗೆದ ಕೆಲವು ಮಿಲಿಲೀಟರ್ ರಕ್ತ ಸುಮಾರು 90 ಕಿಲೋಮೀಟರ್ ದೂರದ ಬೆಂಗಳೂರಿಗೆ ಪ್ರಯಾಣ ಮಾಡಿತು. ಬಂದ ಉತ್ತರ ಒಂದೇ ಸಾಲು: ಫೆನಿಟಾಯಿನ್, ಮಿಲಿಲೀಟರಿಗೆ 34 ಮೈಕ್ರೋಗ್ರಾಂ; ವಿಧಾನ, ದ್ರವ ಕ್ರೊಮೆಟಾಗ್ರಫಿ. ವಾಡಿಕೆಯಾಗಿ ಇರಬೇಕಾದುದು 10ರಿಂದ 20.

ಈ 34 ಎಂಬ ಅಂಕಿ ಎಲ್ಲಿಂದ ಬಂದಿತು, ಅದನ್ನು ಏತಕ್ಕೆ ನಂಬಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಇಷ್ಟು ಮಿಲಿಗ್ರಾಂ ನುಂಗಿದರೆ ಇಷ್ಟು ಗುಣವೆಂದು ನಾವು ಭಾವಿಸುತ್ತೇವೆ. ಆದರೆ ಮಾತ್ರೆಯ ಮೇಲೆ ಅಚ್ಚಾಗಿರುವುದು ಬಾಯಿಯನ್ನು ಹೊಕ್ಕ ಮದ್ದಿನ ತೂಕ; ಮಿದುಳಿಗೆ ಎಷ್ಟು ಮುಟ್ಟಿತೆಂಬುದನ್ನು ಅದು ಹೇಳಲಾರದು. ನಡುವೆ ಕರುಳಿದೆ, ಯಕೃತ್ತಿದೆ. ಕರುಳು ಎಷ್ಟನ್ನು ಒಳಗೆ ಬಿಟ್ಟುಕೊಂಡಿತು, ಯಕೃತ್ತು ಎಷ್ಟನ್ನು ಮುರಿದು ಹೊರಗೆ ಕಳುಹಿಸಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. 1968ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಫೆನಿಟಾಯಿನ್ ಸೇವಿಸುತ್ತಿದ್ದ ಹಲವರು ಇದ್ದಕ್ಕಿದ್ದಂತೆ ತೂರಾಡತೊಡಗಿದರು. ಅವರು ನುಂಗುತ್ತಿದ್ದ ಮದ್ದಿನ ತೂಕದಲ್ಲಿ ಒಂದು ಮಿಲಿಗ್ರಾಂನಷ್ಟೂ ವ್ಯತ್ಯಾಸವಾಗಿರಲಿಲ್ಲ. ವಿಚಾರಮಾಡಿ ನೋಡಿದಾಗ, ಕ್ಯಾಪ್ಸೂಲಿನಲ್ಲಿ ಮದ್ದಿನೊಡನೆ ತುಂಬುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಪುಡಿಯನ್ನು ಬಿಟ್ಟು ಹಾಲಿನ ಸಕ್ಕರೆಯನ್ನು ತುಂಬತೊಡಗಿದ್ದುದು ಬೆಳಕಿಗೆ ಬಂದಿತು. ಹಿಂದಿನ ಪುಡಿ ಮದ್ದಿನ ಒಂದು ಪಾಲನ್ನು ಕರುಳಿನಲ್ಲೇ ತಡೆಹಿಡಿಯುತ್ತಿತ್ತು. ಸಕ್ಕರೆ ಹಾಗೆ ತಡೆಯಲಿಲ್ಲ. ಈ ರಹಸ್ಯವನ್ನು ಬಯಲುಮಾಡಿದ್ದು ರೋಗಿಗಳ ರಕ್ತದಲ್ಲಿ ಅಳೆದ ಮದ್ದಿನ ಮಟ್ಟ.

ಫೆನಿಟಾಯಿನ್ ಹಳೆಯ ಮದ್ದು. 1908ರಲ್ಲಿ ಜರ್ಮನಿಯ ಹೈನ್ರಿಕ್ ಬಿಲ್ಟ್ಸ್ ಎಂಬ ರಸಾಯನಜ್ಞನು ಅದನ್ನು ತಯಾರಿಸಿದನು. ಮೂರ್ಛೆಯನ್ನು ತಡೆಯುವ ಅದರ ಗುಣವನ್ನು 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ತೋರಿಸಿಕೊಟ್ಟರು. ಅಗ್ಗವಾದ, ಒಳ್ಳೆಯ ಮದ್ದು. ಮೈಸೂರು ಸೀಮೆಯ ಯಳಂದೂರಿನಲ್ಲಿ ಡಾಕ್ಟರ್ ಕೆ. ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಯ ರೋಗಿಗಳಿಗೆ ಈ ಮದ್ದನ್ನೂ ಫಿನೋಬಾರ್ಬಿಟೋನನ್ನೂ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿ, ಅಗ್ಗದ ಮದ್ದುಗಳಿಂದಲೇ ಗ್ರಾಮಾಂತರದಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು 2001ರಲ್ಲಿ ಪ್ರಕಟಿಸಿದರು. ಆದರೆ ಈ ಒಳ್ಳೆಯ ಮದ್ದಿಗೆ ಒಂದು ಕೆಟ್ಟ ಚಾಳಿಯುಂಟು. ಅದನ್ನು ತಿಳಿಯಲು ನಮ್ಮ ಜಿಲ್ಲೆಯ ಕೆರೆಗಳ ಕಡೆಗೆ ತಿರುಗೋಣ.

ಒಂದು ಕೆರೆಗೆ ಕಾಲುವೆಯಿಂದ ದಿನವೂ ನೀರು ಬರುತ್ತಿದೆ, ತೂಬಿನಿಂದ ಹೊರಗೆ ಹೋಗುತ್ತಿದೆ ಎಂದುಕೊಳ್ಳಿ. ಬಂದಷ್ಟೇ ಹೋಗುವ ಸ್ಥಿತಿ ಒದಗಿದಾಗ ನೀರಿನ ಮಟ್ಟ ನಿಲ್ಲುತ್ತದೆ. ಬಹುತೇಕ ಮದ್ದುಗಳ ವಿಚಾರದಲ್ಲಿ ಯಕೃತ್ತೆಂಬ ತೂಬು ಉದಾರಿ: ಮಟ್ಟ ಇಮ್ಮಡಿಯಾದರೆ ಹೊರಹರಿವೂ ಇಮ್ಮಡಿಯಾಗುತ್ತದೆ. ಆದಕಾರಣ ಮಾತ್ರೆಯನ್ನು ಇಮ್ಮಡಿಸಿದರೆ ರಕ್ತದ ಮಟ್ಟವೂ ಇಮ್ಮಡಿಯಾಗಿ ಅಲ್ಲಿಗೆ ನಿಲ್ಲುತ್ತದೆ. ಫೆನಿಟಾಯಿನ್ನಿನ ತೂಬು ಅಂಥದಲ್ಲ. ಅದರ ಬಾಯಿ ಕಿರಿದು. ಕೆರೆಯಲ್ಲಿ ಎಷ್ಟೇ ನೀರು ನಿಂತರೂ ಅದು ದಿನಕ್ಕೆ ಹೊರಬಿಡುವುದಕ್ಕೆ ಒಂದು ಮಿತಿಯುಂಟು. ಒಳಹರಿವು ಆ ಮಿತಿಯ ಸಮೀಪಕ್ಕೆ ಬಂದಂತೆಲ್ಲ, ಒಂದು ಕೊಡ ಹೆಚ್ಚು ನೀರು ಬಿದ್ದರೂ ಮಟ್ಟ ಮೊಳದುದ್ದ ಏರುತ್ತದೆ. (ನಿಜವಾದ ತೂಬಿನ ಹರಿವು ನೀರಿನ ಎತ್ತರದ ವರ್ಗಮೂಲಕ್ಕೆ ಅನುಸಾರವಾಗಿರುತ್ತದೆಂದು ನನ್ನ ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಉಪಮೆಯನ್ನು ಅಷ್ಟು ದೂರ ಎಳೆಯುವುದು ಬೇಡ.)

ಒಂದು ಮಾದರಿ ಲೆಕ್ಕವನ್ನು ಮಾಡೋಣ. ಒಬ್ಬನ ಯಕೃತ್ತು ದಿನಕ್ಕೆ ಹೆಚ್ಚೆಂದರೆ 400 ಮಿಲಿಗ್ರಾಂ ಫೆನಿಟಾಯಿನ್ನನ್ನು ಮುರಿಯಬಲ್ಲದು. ರಕ್ತದಲ್ಲಿ ಮಿಲಿಲೀಟರಿಗೆ 4 ಮೈಕ್ರೋಗ್ರಾಂ ಇರುವಾಗ ಅದರ ಅರ್ಧದಷ್ಟು ವೇಗದಲ್ಲಿ ಕೆಲಸಮಾಡುತ್ತದೆ ಎಂದು ಇಟ್ಟುಕೊಂಡರೆ, ನಿಂತ ಮಟ್ಟವನ್ನು ಕಂಡುಹಿಡಿಯುವುದು ಸುಲಭ. ದಿನದ ಪ್ರಮಾಣವನ್ನು 4ರಿಂದ ಗುಣಿಸಿ, 400ಕ್ಕೂ ಆ ಪ್ರಮಾಣಕ್ಕೂ ಇರುವ ಅಂತರದಿಂದ ಭಾಗಿಸಿದರಾಯಿತು. 200 ಮಿಲಿಗ್ರಾಂಗೆ ಮಟ್ಟ 4, 250ಕ್ಕೆ 6.7, 300ಕ್ಕೆ 12. ಇಲ್ಲಿಯವರೆಗೆ ಎಲ್ಲವೂ ಸೌಮ್ಯ. 350ಕ್ಕೆ 28, 375ಕ್ಕೆ 60! ಎಂದರೆ 300ರ ಮೇಲೆ ಅರ್ಧ ಮಾತ್ರೆ ಸೇರಿಸಿದರೆ ಮಟ್ಟ ಇಮ್ಮಡಿಗೂ ಮೀರುತ್ತದೆ. ಮತ್ತೆ ಕಾಲು ಮಾತ್ರೆ ಸೇರಿಸಿದರೆ ಐದು ಪಟ್ಟಾಗುತ್ತದೆ. ಸಾಮಾನ್ಯವಾಗಿ 20ನ್ನು ದಾಟಿದಾಗ ಕಣ್ಣಾಲಿಗಳು ಅದುರತೊಡಗುವುವು. 30ನ್ನು ದಾಟಿದರೆ ನಡಿಗೆ ತಪ್ಪುವುದು. 40ರ ಮೇಲೆ ಮನಸ್ಸಿಗೂ ಮಂಕು ಕವಿಯುವುದು. ಎಲ್ಲರಿಗೂ ಇದೇ ಗೆರೆಗಳೆಂದಲ್ಲ. ಕೆಲವರು ಬೇಗ ತೂರಾಡುವರು, ಕೆಲವರು ತಡವಾಗಿ.

ಇನ್ನು ಹುಡುಗನ ಸಂಗತಿ. ಅವನು ಹೆಚ್ಚು ಫೆನಿಟಾಯಿನ್ ನುಂಗಿರಲಿಲ್ಲ. ಅವನ ತೂಬಿನ ಬಾಯೇ ಕಿರಿದಾಗಿತ್ತು. ಐಸೊನಿಯಜಿಡ್ ಎಂಬ ಕ್ಷಯದ ಮದ್ದು, ಫೆನಿಟಾಯಿನ್ನನ್ನು ಮುರಿಯುವ ಯಕೃತ್ತಿನ ಕಿಣ್ವಕ್ಕೆ ಅಡ್ಡಿಯಾಗುತ್ತದೆ. ಮೇಲಿನ ಲೆಕ್ಕದಲ್ಲಿ 400 ಎಂಬುದು 335ಕ್ಕೆ ಇಳಿಯಲಿ, ಎಂದರೆ ಸುಮಾರು ಆರರಲ್ಲೊಂದು ಪಾಲು ಕಡಿಮೆಯಾಗಲಿ. ಅದೇ 300 ಮಿಲಿಗ್ರಾಂಗೆ ಮಟ್ಟ 12ರಿಂದ 34ಕ್ಕೆ ಹಾರುತ್ತದೆ! ಐಸೊನಿಯಜಿಡ್ಡನ್ನು ಶರೀರವು ಎಷ್ಟು ಬೇಗ ಹೊರಹಾಕುತ್ತದೆಂಬುದು ವಂಶದಿಂದ ಬರುವ ಗುಣ. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದವರು ಇದನ್ನು ದಕ್ಷಿಣ ಭಾರತದವರಲ್ಲಿ ಪರೀಕ್ಷಿಸಿದರು. ನಮ್ಮಲ್ಲಿ ಅರ್ಧಕ್ಕೂ ಮಿಕ್ಕಿದವರು ನಿಧಾನಿಗಳು. ನಿಧಾನಿಗಳಲ್ಲಿ ಐಸೊನಿಯಜಿಡ್ ಹೆಚ್ಚು ಹೊತ್ತು ಉಳಿಯುವುದರಿಂದ ಫೆನಿಟಾಯಿನ್ನಿನ ತೂಬು ಹೆಚ್ಚಾಗಿ ಮುಚ್ಚಿಕೊಳ್ಳುವುದು ಅವರಲ್ಲಿಯೇ.

ಈಗ ಅಳತೆಯ ವಿಚಾರಕ್ಕೆ ಬರೋಣ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಎಂದರೆ ಎಷ್ಟು? ಒಂದು ಸಣ್ಣ ಚಮಚದ ಸಕ್ಕರೆ, ಸುಮಾರು 5 ಗ್ರಾಂ, 500 ಲೀಟರ್ ಹಿಡಿಯುವ ತೊಟ್ಟಿಯ ನೀರಿನಲ್ಲಿ ಕರಗಿದರೆ ಅಷ್ಟಾಗುತ್ತದೆ. ತೊಟ್ಟಿಯಲ್ಲಿ ಬರಿಯ ನೀರಿದ್ದಿದ್ದರೆ ಕೆಲಸ ಕಷ್ಟವಲ್ಲ. ಆದರೆ ರಕ್ತದ ತಿಳಿಯಲ್ಲಿ ಲೀಟರಿಗೆ ಸುಮಾರು 70 ಗ್ರಾಂ ಸಸಾರಜನಕವೇ ಇದೆ. ಅದು ನಾವು ಹುಡುಕುವ ಮದ್ದಿನ ಏಳು ಸಾವಿರ ಪಟ್ಟು! ಜೊತೆಗೆ ಲವಣಗಳು, ಕೊಬ್ಬು, ಸಕ್ಕರೆ, ಬೇರೆ ಮದ್ದುಗಳು. ಎಲ್ಲಕ್ಕಿಂತ ಕಾಟದ್ದೆಂದರೆ ಫೆನಿಟಾಯಿನ್ ಯಕೃತ್ತಿನಲ್ಲಿ ಮುರಿದು ಆಗುವ, ಮದ್ದಿನ ಗುಣವಿಲ್ಲದ ಆದರೆ ಮದ್ದಿನ ಮುಖವೇ ಉಳ್ಳ ಅದರ ಸಂತತಿ. ಬೆಳಕನ್ನು ಹೀರುವ ಗುಣವನ್ನು ನೋಡಿ ಅಳೆಯಹೊರಟರೆ ತಾಯಿ ಯಾರು ಮಗಳು ಯಾರು ಎಂದು ತಿಳಿಯದು. ಆದ್ದರಿಂದ ಅಳೆಯುವುದಕ್ಕೆ ಮುಂಚೆ ಬೇರ್ಪಡಿಸಬೇಕು. ಬೇರ್ಪಡಿಸುವ ಆ ವಿದ್ಯೆಯೇ ಕ್ರೊಮೆಟಾಗ್ರಫಿ ಅಥವಾ ವರ್ಣಲೇಖನ.

ಹೆಸರಿಗೆ ಒಂದು ಸ್ವಾರಸ್ಯದ ಕಥೆಯಿದೆ. ಮಿಖಾಯಿಲ್ ಸ್ವೆಟ್ ಎಂಬ ರಷ್ಯದ ಸಸ್ಯಶಾಸ್ತ್ರಜ್ಞನು ಈ ಶತಮಾನದ ಹಿಂದಿನ ಶತಮಾನದ ಮೊದಲಲ್ಲಿ, 1903ರಲ್ಲಿ, ವಾರ್ಸಾದಲ್ಲಿ ತನ್ನ ಪ್ರಯೋಗವನ್ನು ವಿವರಿಸಿದನು. ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ತಲೆಗೆ ಎಲೆಯ ಸಾರವನ್ನು ಹಾಕಿ, ಮೇಲಿಂದ ದ್ರಾವಕವನ್ನು ಸುರಿದನು. ಒಂದೇ ಹಸುರೆಂದು ತೋರುತ್ತಿದ್ದ ಸಾರ, ಇಳಿಯುತ್ತ ಇಳಿಯುತ್ತ ಹಸುರು ಹಳದಿ ಪಟ್ಟೆಗಳಾಗಿ ಬಿಡಿಬಿಡಿಯಾಯಿತು. 1906ರಲ್ಲಿ ಈ ವಿಧಾನಕ್ಕೆ ‘ಬಣ್ಣದ ಬರವಣಿಗೆ’ ಎಂಬರ್ಥದ ಗ್ರೀಕ್ ಹೆಸರಿಟ್ಟನು. ರಷ್ಯನ್ ಭಾಷೆಯಲ್ಲಿ ‘ಸ್ವೆಟ್’ ಎಂದರೂ ಬಣ್ಣವೆಂದೇ ಅರ್ಥ! ಅವನು ತನ್ನ ಹೆಸರನ್ನೇ ಜಾಣತನದಿಂದ ಅದರಲ್ಲಿ ಅಡಗಿಸಿದನೆ ಎಂಬುದನ್ನು ಅವನೇ ಬಲ್ಲ. ಇಂದು ಅಳೆಯುವ ಮದ್ದುಗಳಲ್ಲಿ ಹೆಚ್ಚಿನವಕ್ಕೆ ಬಣ್ಣವೇ ಇಲ್ಲ. ಹೆಸರು ಮಾತ್ರ ಉಳಿದಿದೆ.

ಬೇರ್ಪಡುವುದು ಹೇಗೆ? ಮೇ, ಜೂನ್ ತಿಂಗಳುಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಇಕ್ಕೆಲದಲ್ಲಿಯೂ ಬಾದಾಮಿ, ತೋತಾಪುರಿ, ರಸಪುರಿಗಳ ರಾಶಿಗಳಿವೆ. ಮಂಡಿಯ ಈ ತುದಿಯಿಂದ ಮೂವರು ಒಟ್ಟಿಗೆ ಹೊರಟರೆನ್ನಿ. ಅಂಚೆಯವನಿಗೆ ಮಾವಿನಲ್ಲಿ ಆಸಕ್ತಿಯಿಲ್ಲ. ನೇರವಾಗಿ ಆಚೆಯ ತುದಿಯನ್ನು ಸೇರುತ್ತಾನೆ. ಮನೆಗೆ ಹಣ್ಣು ಕೊಳ್ಳಬಂದವನು ಅಲ್ಲಲ್ಲಿ ನಿಲ್ಲುತ್ತಾನೆ. ವ್ಯಾಪಾರಿಯಾದರೋ ಪ್ರತಿಯೊಂದು ರಾಶಿಯ ಮುಂದೆ ಕುಳಿತು, ಹಣ್ಣನ್ನು ಮೂಸಿ, ಬೆಲೆ ಕೇಳಿ, ಮತ್ತೆ ಏಳುತ್ತಾನೆ. ಮೂವರೂ ನಡೆಯುವ ವೇಗ ಒಂದೇ. ಕುಳಿತ ಹೊತ್ತು ಮಾತ್ರ ಬೇರೆ. ಸಾಕಷ್ಟು ಉದ್ದದ ಮಂಡಿಯಾದರೆ ಆಚೆಯ ತುದಿಯಲ್ಲಿ ಅವರು ಒಬ್ಬೊಬ್ಬರಾಗಿಯೇ ಹೊರಬರುವರು.

ಯಂತ್ರದಲ್ಲಿ ಮಂಡಿಯ ಬೀದಿಯೆಂದರೆ ಒಂದು ಗೇಣಿಗಿಂತ ಕಿರಿದಾದ ಉಕ್ಕಿನ ಕೊಳವೆ. ಅದಕ್ಕೆ ಸ್ತಂಭವೆಂದು ಹೆಸರು. ಉದ್ದ ಸಾಮಾನ್ಯವಾಗಿ 15 ಸೆಂಟಿಮೀಟರ್, ಒಳವ್ಯಾಸ 4.6 ಮಿಲಿಮೀಟರ್. ಅದರೊಳಗೆ 5 ಮೈಕ್ರೋಮೀಟರ್ ವ್ಯಾಸದ ಸಿಲಿಕ ಕಣಗಳನ್ನು ಒತ್ತಾಗಿ ತುಂಬಿರುತ್ತಾರೆ. ಕಣಗಳ ಮೈಗೆ ಹದಿನೆಂಟು ಇಂಗಾಲದ ಪರಮಾಣುಗಳ ಉದ್ದನೆಯ ಸರಗಳನ್ನು ಕೂದಲಿನಂತೆ ಅಂಟಿಸಲಾಗಿದೆ. ಈ ಕೂದಲಿಗೆ ಎಣ್ಣೆಯ ಗುಣ. ಕಣಗಳ ನಡುವೆ ನೀರು ಮತ್ತು ಅಸಿಟೊನೈಟ್ರೈಲಿನ ಮಿಶ್ರಣ ಎಡೆಬಿಡದೆ ಹರಿಯುತ್ತಿರುತ್ತದೆ. ನೀರಿಗೆ ಒಲಿಯುವ ಅಣು ನೀರಿನೊಡನೆಯೇ ಸಾಗಿಬಿಡುತ್ತದೆ. ಎಣ್ಣೆಗೆ ಒಲಿಯುವುದು ಕಣಕಣದ ಬಳಿಯೂ ಕುಳಿತು ಎದ್ದು ಬರುತ್ತದೆ. ಫೆನಿಟಾಯಿನ್ನಿಗೆ ಎಣ್ಣೆಯ ಮೇಲೆ ಪ್ರೀತಿ. ಯಕೃತ್ತು ಅದನ್ನು ಮುರಿಯುವಾಗ ಮಾಡುವ ಕೆಲಸವೇನೆಂದರೆ, ಮೂತ್ರದಲ್ಲಿ ಹೋಗಲು ಅನುಕೂಲವಾಗುವಂತೆ ಅದನ್ನು ನೀರಿಗೆ ಒಲಿಸುವುದು. ಆದ್ದರಿಂದ ಸಂತತಿ ಬೇಗ ಹೊರಬೀಳುತ್ತದೆ, ತಾಯಿ ಹಿಂದೆ ಉಳಿಯುತ್ತದೆ. ಬೆಳಕಿಗೆ ಕಾಣದಿದ್ದ ವ್ಯತ್ಯಾಸವನ್ನು ಸ್ತಂಭವು ಗಳಿಗೆಯ ವ್ಯತ್ಯಾಸವಾಗಿ ಮಾರ್ಪಡಿಸಿತು.

ಲೆಕ್ಕವನ್ನೂ ನೋಡಬಹುದು. ಈ ಕೊಳವೆಯ ಒಟ್ಟು ಗಾತ್ರ ಸುಮಾರು 2.5 ಮಿಲಿಲೀಟರ್; ಕಣಗಳು ಆಕ್ರಮಿಸಿದ್ದನ್ನು ಕಳೆದರೆ ದ್ರವಕ್ಕೆ ಉಳಿದ ಎಡೆ ಸುಮಾರು 1.5. ನಿಮಿಷಕ್ಕೆ 1 ಮಿಲಿಲೀಟರ್ ಹರಿದರೆ, ಎಲ್ಲಿಯೂ ಕೂರದ ಅಣು ಒಂದೂವರೆ ನಿಮಿಷದಲ್ಲಿ ಹೊರಬರುತ್ತದೆ. ಮದ್ದು ಆರನೆಯ ನಿಮಿಷದಲ್ಲಿ ಬಂದಿತೆನ್ನಿ. ಅದೂ ನಡೆದದ್ದು ಒಂದೂವರೆ ನಿಮಿಷವೇ, ಮಿಕ್ಕ ನಾಲ್ಕೂವರೆ ನಿಮಿಷ ಕುಳಿತಿದ್ದಿತು.

ಕಣಗಳು ಅಷ್ಟು ನುಣುಪಾಗಿ ಏತಕ್ಕಿರಬೇಕು? ಭೌತಶಾಸ್ತ್ರದವನಾದ ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಹಿಡಿಸಿದ ಅಂಶ ಇದೇ. ಅಣುವೊಂದು ಹರಿಯುವ ದ್ರವದಿಂದ ಕಣದ ಮೈಗೆ ಹೋಗಿ ಮರಳಬೇಕಾದರೆ ಅದಕ್ಕೆ ಕಾಲುಗಳಿಲ್ಲ. ಅತ್ತಿತ್ತ ಅಲೆಯುತ್ತ, ವಿಸರಣದಿಂದಲೇ ಹೋಗಬೇಕು. ಅಲೆದಾಟದಲ್ಲಿ ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿಯಾಗುತ್ತದೆ. ಇಂಥ ಅಣು 5 ಮೈಕ್ರೋಮೀಟರ್ ಅಲೆಯಲು ಒಂದು ಸೆಕೆಂಡಿನ ನೂರರಲ್ಲೊಂದು ಭಾಗ ಸಾಕು. ಅದೇ ನೂರು ಮೈಕ್ರೋಮೀಟರಿನ ಒರಟು ಪುಡಿಯಾದರೆ ಸುಮಾರು 5 ಸೆಕೆಂಡು ಹಿಡಿಯುವುದು. ಅಷ್ಟರಲ್ಲಿ ಜೊತೆಯ ಅಣುಗಳು ಎಷ್ಟೋ ಮುಂದೆ ಹೋಗಿರುತ್ತವೆ. ಗುಂಪು ಚೆದರಿ, ಪಟ್ಟೆ ಅಗಲವಾಗಿ, ಪಕ್ಕದ ಪಟ್ಟೆಯೊಡನೆ ಕಲಸಿಹೋಗುತ್ತದೆ. ನುಣುಪಾದ ಪುಡಿಯಲ್ಲಿ ಗುಂಪು ಗುಂಪಾಗಿಯೇ ಉಳಿಯುತ್ತದೆ. ಆದರೆ ಅದಕ್ಕೆ ಬೆಲೆ ತೆರಬೇಕು. ಕಣದ ವ್ಯಾಸವನ್ನು ಅರ್ಧಮಾಡಿದರೆ ದ್ರವವನ್ನು ತಳ್ಳಲು ನಾಲ್ಕು ಪಟ್ಟು ಒತ್ತಡ ಬೇಕು. ಸ್ವೆಟ್‌ನ ಕೊಳವೆಗೆ ದ್ರವದ ಭಾರವೇ ಬಹುಮಟ್ಟಿಗೆ ಸಾಕಾಗಿದ್ದರೆ, ಇಂದಿನ ಸ್ತಂಭಕ್ಕೆ ವಾಯುಮಂಡಲದ ಒತ್ತಡದ ನೂರು ಇನ್ನೂರು ಪಟ್ಟು ಬೇಕಾಗುತ್ತದೆ. ಗಾಜು ಹೋಗಿ ಉಕ್ಕು ಬಂದದ್ದು ಈ ಕಾರಣದಿಂದ. ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ 1941ರಲ್ಲಿಯೇ, ಸಣ್ಣ ಕಣಗಳನ್ನೂ ಹೆಚ್ಚಿನ ಒತ್ತಡವನ್ನೂ ಬಳಸಿದರೆ ಉತ್ತಮ ಫಲ ದೊರೆಯುವುದೆಂದು ಬರೆದಿದ್ದರು. ಅವರ ಕ್ರೊಮೆಟಾಗ್ರಫಿಯ ಕೆಲಸಕ್ಕೆ 1952ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಆದರೆ ಅಂಥ ಪಂಪುಗಳೂ ಕಣಗಳೂ ಕೈಗೆ ಬಂದು ಯಂತ್ರ ರೂಪುಗೊಳ್ಳಲು 1960ರ ದಶಕ ಬರಬೇಕಾಯಿತು.

ಶ್ರೀನಿವಾಸಪುರದಿಂದ ಹೋದ ರಕ್ತದ ಗತಿಯೇನಾಯಿತೆಂದು ಈಗ ನೋಡೋಣ. ಮೊದಲು ಅದನ್ನು ಗಿರಕಿ ಹೊಡೆಸಿ ಕೆಂಪು ಕಣಗಳನ್ನು ತಳಕ್ಕೆ ಇಳಿಸಿ ತಿಳಿಯನ್ನು ತೆಗೆಯುವರು. ಒಂದು ಪಾಲು ತಿಳಿಗೆ ಎರಡು ಪಾಲಿನಷ್ಟು ಅಸಿಟೊನೈಟ್ರೈಲನ್ನು ಬೆರೆಸಿದರೆ, ಒಡೆದ ಹಾಲಿನಂತೆ ಸಸಾರಜನಕ ಗಟ್ಟಿಕಟ್ಟುತ್ತದೆ. ಮತ್ತೊಮ್ಮೆ ಗಿರಕಿ ಹೊಡೆಸಿದರೆ ಅದು ತಳವನ್ನು ಸೇರಿ, ಮದ್ದು ಮೇಲಿನ ದ್ರವದಲ್ಲಿ ಉಳಿಯುತ್ತದೆ. ಅದರಲ್ಲಿ 20 ಮೈಕ್ರೋಲೀಟರನ್ನು, ಎಂದರೆ ಒಂದು ಹನಿಗಿಂತಲೂ ಕಡಿಮೆಯನ್ನು, ಸ್ತಂಭದ ತಲೆಗೆ ಚುಚ್ಚುತ್ತಾರೆ. ಸ್ತಂಭದ ಬಾಲದಲ್ಲಿ ಒಂದು ಪುಟ್ಟ ಕಿಟಕಿ. ಅದರ ಮೂಲಕ ಸುಮಾರು 210 ನ್ಯಾನೋಮೀಟರಿನ ಅತಿನೇರಿಳೆ ಬೆಳಕು ಹಾಯುತ್ತಿರುತ್ತದೆ. ಮದ್ದಿನ ಗುಂಪು ಕಿಟಕಿಯನ್ನು ದಾಟುವಾಗ ಬೆಳಕು ಕುಂದುತ್ತದೆ, ಕಾಗದದ ಮೇಲೆ ಗೆರೆ ಬೆಟ್ಟದಂತೆ ಎದ್ದು ಇಳಿಯುತ್ತದೆ. ಬೆಟ್ಟ ಎದ್ದ ಹೊತ್ತು ‘ಇದು ಯಾರು’ ಎಂಬುದನ್ನು ಹೇಳಿದರೆ, ಬೆಟ್ಟದ ವಿಸ್ತೀರ್ಣ ‘ಎಷ್ಟು’ ಎಂಬುದನ್ನು ಹೇಳುತ್ತದೆ.

ಇಲ್ಲೊಂದು ಶಂಕೆ ಬರಬಹುದು. ಇಷ್ಟೆಲ್ಲ ಬೆರೆಸಿ, ಸುತ್ತಿಸಿ, ಚುಚ್ಚುವಾಗ ಅಷ್ಟಿಷ್ಟು ಚೆಲ್ಲುವುದಿಲ್ಲವೆ, ಕೊಳವೆಗೆ ಅಂಟಿ ಉಳಿಯುವುದಿಲ್ಲವೆ? ಖಂಡಿತ ಆಗುತ್ತದೆ. ಅದಕ್ಕೋಸ್ಕರ ರಸಾಯನಜ್ಞರು ಒಂದು ಸೊಗಸಾದ ಉಪಾಯ ಮಾಡಿದ್ದಾರೆ. ಆರಂಭದಲ್ಲಿಯೇ, ಫೆನಿಟಾಯಿನ್ನಿಗಿಂತ ಒಂದು ಮೀಥೈಲ್ ಗುಂಪು ಮಾತ್ರ ಹೆಚ್ಚಾಗಿರುವ ಅದರ ಹತ್ತಿರದ ನೆಂಟನನ್ನು ಗೊತ್ತಾದ ಪ್ರಮಾಣದಲ್ಲಿ ತಿಳಿಗೆ ಸೇರಿಸಿಬಿಡುತ್ತಾರೆ. ಆ ನೆಂಟ ಯಾರ ನೆತ್ತರಿನಲ್ಲಿಯೂ ತಾನಾಗಿ ಇರುವುದಿಲ್ಲ. ದಾರಿಯಲ್ಲಿ ಹತ್ತರಲ್ಲೊಂದು ಪಾಲು ಚೆಲ್ಲಿದರೆ ಇಬ್ಬರೂ ಸಮನಾಗಿ ಚೆಲ್ಲುವರು. ಎರಡು ಬೆಟ್ಟಗಳ ಪರಿಮಾಣ ಬದಲಾದರೂ ಅವುಗಳ ನಿಷ್ಪತ್ತಿ ಬದಲಾಗುವುದಿಲ್ಲ. 5, 10, 20, 40 ಮೈಕ್ರೋಗ್ರಾಂ ಮದ್ದನ್ನು ತೂಗಿ ಬೆರೆಸಿದ ಮಾದರಿಗಳನ್ನು ಮೊದಲೇ ಓಡಿಸಿ, ನಿಷ್ಪತ್ತಿಯ ನಕ್ಷೆಯೊಂದನ್ನು ಬರೆದಿಟ್ಟುಕೊಂಡಿರುತ್ತಾರೆ. ರೋಗಿಯ ನಿಷ್ಪತ್ತಿ ಆ ಗೆರೆಯ ಮೇಲೆ ಎಲ್ಲಿ ಬಿದ್ದಿತೋ ಅದೇ ಉತ್ತರ. ನಮ್ಮ 34 ಬಂದದ್ದು ಹೀಗೆ.

ಉತ್ತರ ಎಷ್ಟೇ ನಿಖರವಾಗಿದ್ದರೂ ಅದನ್ನು ಓದುವುದಕ್ಕೆ ಎಚ್ಚರ ಬೇಕು. ರಕ್ತದಲ್ಲಿರುವ ಫೆನಿಟಾಯಿನ್ನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಆಲ್ಬುಮಿನ್ ಎಂಬ ಸಸಾರಜನಕಕ್ಕೆ ಅಂಟಿಕೊಂಡಿರುತ್ತದೆ. ಮಿದುಳನ್ನು ಮುಟ್ಟಬಲ್ಲದ್ದು ಬಿಡುವಾಗಿರುವ ಹತ್ತರಲ್ಲೊಂದು ಪಾಲು ಮಾತ್ರ. ಅಸಿಟೊನೈಟ್ರೈಲ್ ಅಂಟಿದ್ದನ್ನೂ ಬಿಡಿಸಿಬಿಡುವುದರಿಂದ ಯಂತ್ರ ತೋರಿಸುವುದು ಒಟ್ಟು ಮೊತ್ತವನ್ನು. ಹೊಟ್ಟೆಗೆ ಸಾಲದೆ ಸೊರಗಿದವರಲ್ಲಿ, ಮೂತ್ರಪಿಂಡ ಕೆಟ್ಟವರಲ್ಲಿ, ಗರ್ಭಿಣಿಯರಲ್ಲಿ ಆಲ್ಬುಮಿನ್ ಕಡಿಮೆ ಇರುತ್ತದೆ. ಅಂಥವರಲ್ಲಿ 12 ಎಂಬ ನಿರಪಾಯಕರವಾದ ಅಂಕಿಯ ಹಿಂದೆಯೂ ಬಿಡಿ ಮದ್ದು ಮಿತಿಮೀರಿರಬಹುದು. ಆಗ ಅತಿಸೂಕ್ಷ್ಮ ರಂಧ್ರಗಳ ಪೊರೆಯಿಂದ ಸೋಸಿ ಬಿಡಿ ಭಾಗವನ್ನೇ ಅಳೆಯಬೇಕು. ಉಗುಳಿನಲ್ಲಿಯೂ ಅಳೆಯಬಹುದು; ಏಕೆಂದರೆ ಆಲ್ಬುಮಿನ್ನಿಗೆ ಅಂಟಿದ್ದು ಉಗುಳಿಗೆ ಇಳಿಯದು, ಬಿಡಿ ಮದ್ದು ಮಾತ್ರ ಇಳಿಯುತ್ತದೆ. ಸೂಜಿಯನ್ನು ಕಂಡರೆ ಅಳುವ ಮಕ್ಕಳಿಗೆ ಇದೊಂದು ಉಪಕಾರ.

ರಕ್ತ ತೆಗೆದ ಹೊತ್ತೂ ಅಂಕಿಯ ಒಂದು ಭಾಗವೇ. ಮಟ್ಟ ಮದ್ದಿನಿಂದ ಮದ್ದಿಗೆ ಬೇರೆ ಬೇರೆ ವೇಗದಲ್ಲಿ ಏರಿ ಇಳಿಯುತ್ತದೆ. ಇದನ್ನು ನಮ್ಮ ನಾಡಿನ ವೈದ್ಯರು ಒಂದು ಕಡೆ ಬಹು ಚೆನ್ನಾಗಿ ಉಪಯೋಗಿಸಿಕೊಂಡಿದ್ದಾರೆ. ತಲೆಯ ಮೇಲೆ ಬಿಸಿನೀರನ್ನು ಚೆಂಬು ಚೆಂಬಾಗಿ ಹೊಯ್ದುಕೊಳ್ಳುವಾಗ ಮಾತ್ರ ಬರುವ ಒಂದು ಬಗೆಯ ಅಪಸ್ಮಾರ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಅಂಥವರಲ್ಲಿ ಹಲವರಿಗೆ ದಿನವೂ ಮದ್ದು ಬೇಕಾಗುವುದಿಲ್ಲ. ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೊಬಜಾಂ ಎಂಬ ಮದ್ದನ್ನು ಕೊಟ್ಟರೆ, ನೀರು ಬೀಳುವ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಏರಿ ನಿಂತಿರುತ್ತದೆ. ಫೆನಿಟಾಯಿನ್ನಿನದು ಮಂದಗತಿ. ಪ್ರಮಾಣವನ್ನು ಬದಲಾಯಿಸಿದ ಮೇಲೆ ಹೊಸ ಮಟ್ಟ ನಿಲ್ಲಲು ಒಂದರಿಂದ ಹಲವು ವಾರಗಳೇ ಬೇಕು. ಮೂರನೆಯ ದಿನವೇ ಅಳೆದರೆ ಹಣ ದಂಡ.

ಎಲ್ಲ ಮದ್ದನ್ನೂ ಹೀಗೆ ಅಳೆಯಬೇಕಾದ್ದಿಲ್ಲ. ಗುಣಕ್ಕೂ ವಿಷಕ್ಕೂ ನಡುವಣ ಎಡೆ ಕಿರಿದಾದ ಕೆಲವಕ್ಕೆ ಮಾತ್ರ ಈ ಶ್ರಮ ಸಾರ್ಥಕ. ಪ್ರತಿಕಾಯಗಳನ್ನು ಬಳಸುವ ಬೇರೆ ಯಂತ್ರಗಳು ಬೇಗನೆ ಉತ್ತರ ಕೊಡುವುದರಿಂದ ಅನೇಕ ಆಸ್ಪತ್ರೆಗಳು ಅವನ್ನೇ ಇಟ್ಟುಕೊಂಡಿವೆ. ಆದರೆ ಸ್ತಂಭದ ಹಿರಿಮೆಯೆಂದರೆ, ಒಂದೇ ಓಟದಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪೀನ್ ಮೂರನ್ನೂ ಬೇರೆ ಬೇರೆ ಬೆಟ್ಟಗಳಾಗಿ ಕಾಗದದ ಮೇಲೆ ನಿಲ್ಲಿಸಬಲ್ಲದು. ಕಿಟಕಿಯ ಬದಲು ಅಣುವಿನ ತೂಕವನ್ನೇ ನೋಡುವ ರಾಶಿರೋಹಿತಮಾಪಕವನ್ನು ಜೋಡಿಸುವ ಪದ್ಧತಿಯೂ ಈಗ ಬಳಕೆಗೆ ಬಂದಿದೆ. ಬೆಂಗಳೂರಿನಲ್ಲಿ 1974ರಲ್ಲಿ ಈಗಿನ ರೂಪವನ್ನು ತಳೆದ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅಪಸ್ಮಾರದ ಮದ್ದುಗಳ ರಕ್ತಮಟ್ಟವನ್ನು ಅಳೆಯುವ ಏರ್ಪಾಡಿದೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಯಂತ್ರವಿರದಿರಬಹುದು; ಆದರೆ ರಕ್ತದ ತಿಳಿ ತಣ್ಣಗಿದ್ದರೆ ಪ್ರಯಾಣವನ್ನು ಸಹಿಸುತ್ತದೆ. ಇಂಥ ಪರೀಕ್ಷೆಯೊಂದು ಉಂಟೆಂಬುದು ಕೇಳುವವರಿಗೆ ಗೊತ್ತಿರಬೇಕಷ್ಟೆ. ತೂರಾಟ ಕಂಡೊಡನೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಕೂಡದು. ತಟ್ಟನೆ ನಿಲ್ಲಿಸಿದರೆ ಒಂದರ ಮೇಲೊಂದು ಮೂರ್ಛೆ ಬಂದು ಪ್ರಾಣಕ್ಕೆ ಅಪಾಯವಾಗಬಹುದು.

ಹುಡುಗನ ಫೆನಿಟಾಯಿನ್ನನ್ನು ವೈದ್ಯರು 250 ಮಿಲಿಗ್ರಾಂಗೆ ಇಳಿಸಿದರು, ಐಸೊನಿಯಜಿಡ್ಡನ್ನು ಬಿಡಿಸಲಿಲ್ಲ. ನಮ್ಮ ಕೆರೆಯ ಲೆಕ್ಕ ಸುಮಾರು 12ನ್ನು ಸೂಚಿಸುತ್ತಿತ್ತು. ಫೆಬ್ರವರಿಯ ಕೊನೆಯಲ್ಲಿ ಕಳುಹಿಸಿದ ರಕ್ತದಲ್ಲಿ 13 ಇದ್ದಿತು. ಅವನು ವರ್ನಿಯರ್ ಮಾಪಕವನ್ನು ಮತ್ತೆ ಸರಿಯಾಗಿ ಓದತೊಡಗಿದ್ದನು. ಜೂನ್ ತಿಂಗಳಲ್ಲಿ ಐಸೊನಿಯಜಿಡ್ ಮುಗಿದಾಗ, ತೂಬು ಮತ್ತೆ ಅಗಲವಾಗುವುದೆಂದೂ, 250ರಲ್ಲಿಯೇ ನಿಂತರೆ ಮಟ್ಟ 7ರ ಸುಮಾರಿಗೆ ಕುಸಿದು ಮೂರ್ಛೆಗೆ ಎಡೆಯಾಗಬಹುದೆಂದೂ ವೈದ್ಯರು ಮೊದಲೇ ಎಣಿಸಿ, ಪ್ರಮಾಣವನ್ನು ಹಿಂದಿನಂತೆ 300ಕ್ಕೆ ಏರಿಸಿದರು. ಜುಲೈಯಲ್ಲಿ ಮೂರನೆಯ ಸಲ ರಕ್ತ ಬೆಂಗಳೂರಿಗೆ ಹೋಯಿತು. ಬಂದ ಅಂಕಿ 11.